ಸಿಂಧನೂರಿನ ಬಿಸಿಲಿಗೆ ಎಂಥ ಬಿಯರ್?

“ಅಲ್ರಿ ಮಾಸ್ತರ, ಈ ಧಗಿಯೊಳಗ ಬೀರು ಕುಡಿದ್ರ ಹೊಟ್ಟಿ ತಣ್ಣಗ ಆಗತೈತಿ ಅಂತಾರಲ್ಲ ನಮ್ಮ ಹುಡುಗ್ರು, ಖರೇ ಏನು ಅದು?”

ಬೇಲಿಯಾಚೆಯಿಂದ ಕಾಕಾ ಹೀಗೆ ಕೇಳಿದ್ದು ನನಗೆ ಖುಷಿಯಾಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಇಂಥ ಸೀಮೆಯಲ್ಲಿ ನೀರಡಿಕೆಯಾದವರು ಏನು ಕುಡಿಯುತ್ತಾರೆ ಎಂಬುದು ಮನೆ ಮನೆಯ ಆರೋಗ್ಯದ ಮಾತು, ಮನೆ ಮನೆಯ ರೊಕ್ಕದ ಮಾತೂ ಹೌದು. ಅದನ್ನು ಬಾರ್‌ನವರಿಗೂ ಜಾಹೀರಾತಿನವರಿಗೂ ಬಿಟ್ಟು ನಾವು ಸುಮ್ಮನಿದ್ದೇವೆ.

“ಯಾವ ಬೀರು ಅನ್ನೋದರ ಮ್ಯಾಲ ಐತಿ ಕಾಕಾ. ಹೋಗಿ ‘ಸ್ಟ್ರಾಂಗ್ ಕೊಡು’ ಅಂತಾರಲ್ಲ, ಅದರಿಂದ ಬಾಟಲಿ ಹಿಡಿದ ಕೈ ತಣ್ಣಗ ಆಗತೈತಿ ಅಷ್ಟ. ಮೈ ಆಗಂಗಿಲ್ಲ.”

ನಾನು ರಸಾಯನಶಾಸ್ತ್ರ ಹೇಳಿಕೊಟ್ಟವನು, ಲೆಕ್ಕ ಬಿಟ್ಟು ಮಾತಾಡಲು ಬರುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಶೇ. 5ರವರೆಗೆ ಮದ್ಯಾಂಶ ಇದ್ದರೆ ಅದು ಸಾದಾ ಬಿಯರ್, 5 ದಾಟಿ 8ರವರೆಗೆ ಇದ್ದರೆ ಸ್ಟ್ರಾಂಗ್. ದೇಶದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ಬಹುಪಾಲು ಈ ಸ್ಟ್ರಾಂಗೇ. 650 ಎಂಎಲ್‌ನ ದೊಡ್ಡ ಬಾಟಲಿಯಲ್ಲಿ ಶೇ. 8 ಅಂದರೆ 52 ಎಂಎಲ್ ಶುದ್ಧ ಮದ್ಯ ಹೊಟ್ಟೆಗೆ ಹೋಯಿತು. ನಮ್ಮ ಕಡೆ ಕೂಲಿ ಮುಗಿಸಿ ಬಂದವರು ಹಲ್ಲಿನಿಂದ ಕಚ್ಚಿ ಹರಿಯುವ 90 ಎಂಎಲ್ ವಿಸ್ಕಿ ಪ್ಯಾಕೆಟ್ಟಿನಲ್ಲಿ, ಶೇ. 42.8ರ ಲೆಕ್ಕದಲ್ಲಿ, ಮೂವತ್ತೆಂಟೂವರೆ ಎಂಎಲ್ ಇರುತ್ತದೆ. ಅಂದರೆ ‘ಬೀರು ಅಷ್ಟ ಕುಡಿದೆ’ ಎನ್ನುವ ಹುಡುಗ ಆ ಪ್ಯಾಕೆಟ್ಟಿನವನಿಗಿಂತ ಹೆಚ್ಚು ಮದ್ಯ ಕುಡಿದಿರುತ್ತಾನೆ. ಇದನ್ನು ಹೇಳಿದಾಗ ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಬೇಲಿಯ ಗೂಟಕ್ಕೆ ಹಾಕಿ ನಿಂತರು. ಕೂಡಲೇ ಒಳಗೆ ಹೋಗುವ ಇರಾದೆ ಇಲ್ಲ ಎಂಬುದು ಅದರ ಅರ್ಥ.

ಮೈಯಲ್ಲಿ ನೀರು ಉಳಿಸಿಕೊಳ್ಳಲು ಮಿದುಳು ಒಂದು ಹಾರ್ಮೋನು ಬಿಡುತ್ತದೆ. ಅದು ಮೂತ್ರಪಿಂಡಕ್ಕೆ ‘ನೀರು ಬಿಡಬೇಡ, ವಾಪಸ್ ಎಳಕೋ’ ಎಂದು ಹೇಳುವ ಹಾರ್ಮೋನು. ಮದ್ಯ ಒಳಗೆ ಹೋದರೆ ಅದರ ಬಾಯಿ ಮುಚ್ಚಿಸುತ್ತದೆ. ಕುಡಿದಷ್ಟೂ ಹೊರಗೆ ಹೋಗುತ್ತದೆ, ಬೆವರಿನಲ್ಲಿ ಹೋದದ್ದು ಬೇರೆ. ಶೇ. 4ರ ಆಸುಪಾಸಿನಲ್ಲಿ ಈ ನಷ್ಟ ಸಣ್ಣದು, 8ಕ್ಕೆ ಹೋದರೆ ದೊಡ್ಡದು. ಹಗಲಲ್ಲಿ ಹೊಲದಲ್ಲಿ ದುಡಿದು, ನೀರು ಕುಡಿಯದೆ, ನೇರ ಬಾರಿಗೆ ಹೋಗಿ ಎರಡು ಸ್ಟ್ರಾಂಗ್ ಹಾಕಿದವನಿಗೆ ಮರುದಿನ ತಲೆ ಸಿಡಿಯುವುದರಲ್ಲಿ ಈ ನೀರಿನ ಕೊರತೆಯ ಪಾಲೂ ಇರುತ್ತದೆ.

“ಹಂಗಾದ್ರ ಬಿಸಲಿಗೆ ಬೀರು ತಕ್ಕದ್ದಲ್ಲ ಅಂದಂಗ ಆತು.”

“ಬಿಸಲಾಗ ಯಾವ ಸೆರೆನೂ ತಕ್ಕದ್ದಲ್ಲ ಕಾಕಾ. ಬಿಸಲಿಗೆ ಅಂಬಲಿ, ಮಜ್ಜಿಗಿ, ನೀರು. ಹೊತ್ತು ಮುಳುಗಿದ ಮ್ಯಾಲ, ಹೊಟ್ಟಿ ತುಂಬ ನೀರು ಕುಡಿದ ಮ್ಯಾಲ, ಕುಡಿಯೋ ಚಟ ಇದ್ದವ ಒಂದು ಗ್ಲಾಸು ಕುಡೀತಾನ ಅನ್ರಿ. ಅವಗ ಎಂಥ ಬೀರು ತಕ್ಕದ್ದು ಅಂತ ಕೇಳಿದ್ರ ನನ್ನ ಹತ್ರ ಒಂದು ಉತ್ತರ ಐತಿ. ಗೋಲ್ಡನ್ ಏಲ್.”

ಆ ಹೆಸರು ಕಾಕಾಗೆ ಹೊಸದು. ನಮ್ಮ ಬಾರುಗಳಲ್ಲೂ ಆ ಹೆಸರು ಕೇಳಿಬರುವುದಿಲ್ಲ. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳಬೇಕಾಯಿತು.

ಬಿಯರ್ ನಮ್ಮಲ್ಲಿಗೆ ಬಂದದ್ದು ತಣ್ಣನೆಯ ದೇಶದಿಂದ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಪೂರ್ವದ ಬೋ ಎಂಬಲ್ಲಿ ಹಾಜ್‌ಸನ್ ಎಂಬವನ ಬಿಯರ್ ಕಾರ್ಖಾನೆ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಲಂಗರು ಹಾಕುವ ಜಾಗ ಅದಕ್ಕೆ ಹತ್ತಿರ. ಹಾಪ್ಸ್ ಹೂವನ್ನು ಧಾರಾಳ ಹಾಕಿದ ಕಹಿ ಬಿಯರ್ ಪೀಪಾಯಿಗಳಲ್ಲಿ ಹಡಗು ಹತ್ತಿ, ಆಫ್ರಿಕಾ ಸುತ್ತಿ, ತಿಂಗಳುಗಟ್ಟಲೆ ತೂಗಾಡಿ ಕಲ್ಕತ್ತ, ಮದ್ರಾಸಿಗೆ ಇಳಿಯುತ್ತಿತ್ತು. ಅಲ್ಲಿಂದ ಎತ್ತಿನ ಗಾಡಿಯಲ್ಲಿ ಒಳನಾಡಿನ ಛಾವಣಿಗಳಿಗೆ. ಬಳ್ಳಾರಿಯಲ್ಲಿ ದೊಡ್ಡ ಛಾವಣಿ ಇತ್ತು. ಲಿಂಗಸುಗೂರಲ್ಲೂ ಇತ್ತು, ನಿಜಾಮರ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟಿನ ಛಾವಣಿ. ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಓಡಾಡಿದ ಊರು ಅದು. ಆಮೇಲೆ ಚಿನ್ನ ಹುಡುಕುವ ಎಂಜಿನಿಯರುಗಳು ಹಟ್ಟಿ, ಮಸ್ಕಿ ಸುತ್ತ ಬಂದರು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿದ್ದ ಶಾಸನವನ್ನು ಕಂಡ ಬೀಡನ್ ಕೂಡ ಚಿನ್ನದ ಎಂಜಿನಿಯರೇ.

ಈ ಜನ ನಮ್ಮ ಬಿಸಿಲಲ್ಲಿ ಬಿಯರ್ ತಣ್ಣಗೆ ಮಾಡಲು ಪಟ್ಟ ಪಾಡು ದೊಡ್ಡದು. ಐಸ್ ಇರಲಿಲ್ಲ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕಲ್ಕತ್ತಕ್ಕೆ ಹಡಗಿನಲ್ಲಿ ಐಸ್ ಬಂತು, ಆಮೇಲೆ ಮದ್ರಾಸಿಗೂ ಬಂತು. ಅದು ಕರಾವಳಿಯ ಪಟ್ಟಣದವರ ಭಾಗ್ಯ. ಒಳನಾಡಿನವರಿಗೆ ಪೆಟ್ಲುಪ್ಪೇ ಗತಿ. ಪೆಟ್ಲುಪ್ಪು ನೀರಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಆ ನೀರಲ್ಲಿ ಬಾಟಲಿ ತಿರುಗಿಸುತ್ತಾ ಕೂಡುವುದಕ್ಕೇ ಆಬ್ದಾರ್ ಎಂಬ ಆಳು ಇರುತ್ತಿದ್ದ. ಬಿಯರನ್ನು ಇಲ್ಲೇ ತಯಾರಿಸಬೇಕು ಅಂದಾಗಲೂ ಬಯಲುಸೀಮೆ ಆಗಿಬರಲಿಲ್ಲ. ಎಡ್ವರ್ಡ್ ಡಯರ್ ಎಂಬವನು ಅದಕ್ಕಾಗಿ ಹಿಮಾಲಯದ ಕಸೌಲಿಗೆ ಹೋದ. ದಕ್ಷಿಣದಲ್ಲಿ ನೀಲಗಿರಿ, ಬೆಂಗಳೂರು ಹಿಡಿದರು. ದಕ್ಷಿಣದ ಅಂಥ ಐದು ಕಾರ್ಖಾನೆಗಳನ್ನು 1915ರಲ್ಲಿ ಥಾಮಸ್ ಲೀಶ್‌ಮನ್ ಒಂದುಗೂಡಿಸಿದ್ದರಿಂದ ಯುನೈಟೆಡ್ ಬ್ರೂವರೀಸ್ ಹುಟ್ಟಿತು. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಬಿಯರ್ ಕಾರ್ಖಾನೆಗಳಿಗೆಂದೇ ತಂಪು ಯಂತ್ರ ಕಟ್ಟಿದ ಮೇಲೆ ಬಿಸಿಲ ನಾಡಿನಲ್ಲೂ ಲಾಗರ್ ತಯಾರಿಸುವುದು ಸಾಧ್ಯವಾಯಿತು. ಇಂದು ನಮ್ಮ ಬಾರಿನಲ್ಲಿ ಸಿಗುವುದು ಹೆಚ್ಚುಕಡಿಮೆ ಎಲ್ಲವೂ ಆ ಲಾಗರ್.

“ಲಾಗರು, ಏಲು ಅಂದ್ರ ಏನು ಫರಕು?” ಕಾಕಾ ಕೇಳಿದರು.

ಫರಕು ಹುದುಗಿನದು. ಲಾಗರ್ ಯೀಸ್ಟ್ ಚಳಿ ಬೇಡುತ್ತದೆ. 7ರಿಂದ 13 ಡಿಗ್ರಿಯಲ್ಲಿ ನಿಧಾನಕ್ಕೆ ಕೆಲಸ ಮಾಡಿ, ಆಮೇಲೆ ಇನ್ನೂ ತಣ್ಣಗೆ ವಾರಗಟ್ಟಲೆ ಮಲಗಿರಬೇಕು. ಏಲ್ ಯೀಸ್ಟಿಗೆ 18ರಿಂದ 22 ಡಿಗ್ರಿ ಸಾಕು, ಎರಡು ಮೂರು ವಾರದಲ್ಲಿ ಬಿಯರ್ ತಯಾರು. ನಾರ್ವೆಯ ಹಳ್ಳಿಗಳಲ್ಲಿ ಕ್ವೈಕ್ ಎಂಬ ಹುದುಗನ್ನು ರೈತರು ತಲೆತಲಾಂತರದಿಂದ ಒಣಗಿಸಿ ಕಾದಿಟ್ಟುಕೊಂಡು ಬಂದಿದ್ದಾರೆ. ಅದು 35–40 ಡಿಗ್ರಿಯಲ್ಲೂ ರುಚಿ ಕೆಡಿಸದೆ ಹುದುಗುತ್ತದೆ. ಅಷ್ಟು ಚಳಿ ದೇಶದ ಹುದುಗು ನಮ್ಮ ಮೇ ತಿಂಗಳಿಗೆ ಒಗ್ಗುತ್ತದೆ ಎಂಬುದು ನನಗೆ ಈಗಲೂ ಸೋಜಿಗ.

ಗೋಲ್ಡನ್ ಏಲ್ ಹಳೆಯದೇನಲ್ಲ. ಇಂಗ್ಲೆಂಡಿನ ಪಬ್ಬುಗಳಲ್ಲಿ ಬಿಟರ್ ಎಂಬ ಕಂದು ಬಣ್ಣದ ಏಲ್ ಕುಡಿಯುವುದು ರೂಢಿ. 1970, 80ರ ದಶಕದಲ್ಲಿ ಹೊಸ ಪ್ರಾಯದವರು ಅದನ್ನು ಬಿಟ್ಟು ತಣ್ಣನೆಯ, ತಿಳಿಬಣ್ಣದ ಲಾಗರಿಗೆ ಹೋಗತೊಡಗಿದರು. ಆಗ ಸಣ್ಣ ಕಾರ್ಖಾನೆಯವರು ಏಲನ್ನೇ ತಿಳಿಯಾಗಿ, ಹಗುರವಾಗಿ ಮಾಡಿದರು. ಸಾಮರ್ಸೆಟ್ಟಿನ ವಿವೆಲಿಸ್ಕೂಂಬ್ ಎಂಬ ಊರಲ್ಲಿ 1986ರಲ್ಲಿ ಬಂದ ಎಕ್ಸ್‌ಮೂರ್ ಗೋಲ್ಡ್ ಮೊದಲಿನವುಗಳಲ್ಲಿ ಒಂದು. ಆಮೇಲೆ ಸಾಲ್ಸ್‌ಬರಿಯ ಹಾಪ್ ಬ್ಯಾಕ್ ಕಾರ್ಖಾನೆಯ ಜಾನ್ ಗಿಲ್ಬರ್ಟ್ ಮಾಡಿದ ಸಮರ್ ಲೈಟ್ನಿಂಗ್ ಪ್ರಶಸ್ತಿ ಮೇಲೆ ಪ್ರಶಸ್ತಿ ಗೆದ್ದು, ಉಳಿದವರೆಲ್ಲ ಅದೇ ದಾರಿ ಹಿಡಿಯುವಂತೆ ಮಾಡಿತು. ಬೇಸಿಗೆಯ ಬಿಯರ್ ಎಂದೇ ಅದು ಹೆಸರಾಯಿತು. ಅವರ ಬೇಸಿಗೆ ಅಂದರೆ 25 ಡಿಗ್ರಿ!

ಅದರಲ್ಲಿ ಇರುವುದಿಷ್ಟೆ. ಹೆಚ್ಚು ಹುರಿಯದ ತಿಳಿ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು), ಆದ್ದರಿಂದಲೇ ಆ ಹೊಂಬಣ್ಣ. ಮದ್ಯಾಂಶ ಶೇ. 3.8ರಿಂದ 5. ಮೂಗಿಗೆ ನಿಂಬೆ ಸಿಪ್ಪೆಯ, ಹೂವಿನ ಘಮ ಬರುವಷ್ಟು ಹಾಪ್ಸ್. ಸಕ್ಕರೆಯ ಅಂಶವನ್ನು ಯೀಸ್ಟ್ ಬಹುತೇಕ ತಿಂದು ಮುಗಿಸಿರುತ್ತದೆ. ಹೀಗಾಗಿ ನಾಲಿಗೆ ಮೇಲೆ ಸಿಹಿ ಅಂಟು ಉಳಿಯುವುದಿಲ್ಲ. ನೀರಡಿಕೆಗೆ ಇದು ಮುಖ್ಯ. ಸಿಹಿ ಉಳಿದರೆ ಮತ್ತೆ ನೀರು ಬೇಕೆನಿಸುತ್ತದೆ. ಸಣ್ಣ ಕಹಿ, ಗ್ಯಾಸಿನ ಚುರುಕು, ತಂಪು ಈ ಮೂರೂ ಕೂಡಿದರೆ ಬಾಯಿಗೆ ನೀರಡಿಕೆ ಹೋಯಿತೆಂಬ ತೃಪ್ತಿ ಬೇಗ ಬರುತ್ತದೆ. ಅಮೆರಿಕದವರು ಇದಕ್ಕೆ ಹತ್ತಿರದ ಇನ್ನೂ ಸೌಮ್ಯವಾದ ಒಂದನ್ನು ಬ್ಲಾಂಡ್ ಏಲ್ ಎನ್ನುತ್ತಾರೆ. ಬೆಲ್ಜಿಯಂ ಕಡೆಯ ‘ಗೋಲ್ಡನ್ ಸ್ಟ್ರಾಂಗ್’ ಮಾತ್ರ ಬೇರೆ ಜಾತಿ. ಬಣ್ಣ ಇದೇ ಆದರೂ ಡುವೆಲ್‌ನಂಥ ಬಿಯರಿನಲ್ಲಿ ಮದ್ಯಾಂಶ ಶೇ. 8.5. ಬಣ್ಣ ನೋಡಿ ನಂಬಬಾರದು.

330 ಎಂಎಲ್ ಗೋಲ್ಡನ್ ಏಲಿನಲ್ಲಿ ಶೇ. 4ರ ಲೆಕ್ಕಕ್ಕೆ 13 ಎಂಎಲ್ ಮದ್ಯ. ಸ್ಟ್ರಾಂಗ್ ಬಾಟಲಿಯ ಆ 52ರ ಪಕ್ಕ ಈ 13 ಇಟ್ಟು ನೋಡಿದರೆ ನಾನು ಹೇಳುವುದೆಲ್ಲ ಅಷ್ಟರಲ್ಲೇ ಇದೆ.

ಅಷ್ಟೊತ್ತಿಗೆ ಬಲಗಡೆಯ ಮನೆಯ ಅಕ್ಕ ಮೆಣಸಿನಕಾಯಿ ಹರವಿದ್ದ ತಾಡಪತ್ರಿ ಮಡಚಲು ಹಿತ್ತಲಿಗೆ ಬಂದಿದ್ದರು. ನಮ್ಮ ಮಾತು ಅವರ ಕಿವಿಗೆ ಬಿದ್ದಿತ್ತು.

“ಏನ್ರಿ ಮಾಸ್ತರ, ಸಾಲಿ ಹುಡುಗ್ರಿಗೆ ಪಾಠ ಹೇಳಿದವರು ಈಗ ಸೆರಿ ಪಾಠಕ್ಕ ಕುಂತೀರಿ? ನಾಕು ಪರ್ಸೆಂಟ ಇರ್ಲಿ, ಎಂಟ ಇರ್ಲಿ, ಮನಿ ಮುರಿಯೋದು ಒಂದ ಅಲ್ಲೇನು?”

ಅಕ್ಕನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು ಪಾದಯಾತ್ರೆ ಹೊರಟಾಗ ರಾಯಚೂರು ಜಿಲ್ಲೆಯಿಂದ ದೊಡ್ಡ ಸಂಖ್ಯೆಯಲ್ಲಿ ಹೋಗಿದ್ದರು. ಅಕ್ಕನೂ ಹೋಗಿದ್ದರು. ಕಾಲಲ್ಲಿ ಬೊಕ್ಕೆ ಎದ್ದರೂ ಕೂಲಿ ಹೆಣ್ಣುಮಕ್ಕಳು ಯಾರೂ ಹಿಂದೆ ಬೀಳಲಿಲ್ಲ ಎಂದು ಅವರು ಈಗಲೂ ಹೇಳುತ್ತಾರೆ. ಅವರ ಸಿಟ್ಟಿಗೆ ಕಾರಣ ಇದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿಯುವುದು ನಿಂತಿತೇ? ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ವಿಸ್ಕಿ ಪ್ಯಾಕೆಟ್ಟು ಬಂತು. ಕಿರಾಣಿ ಅಂಗಡಿಯಲ್ಲೂ ಕದ್ದು ಮಾರುವ ಹಳ್ಳಿಗಳಿವೆ.

“ಅಕ್ಕಾ, ನಿಮ್ಮ ಮಾತು ಖರೇ ಐತಿ. ಕುಡೀಲಾರದವ ಕುಡಿಯೋದು ಕಲೀಬೇಕು ಅಂತ ನಾ ಅನ್ನಂಗಿಲ್ಲ. ಆದ್ರ ನಮ್ಮ ಸೀಮಿಯೊಳಗ ಮೊದಲು ಏನು ಕುಡೀತಿದ್ರು, ಈಗ ಏನು ಕುಡೀತಾರ ಅಂತ ಒಂದೀಟು ನೋಡ್ರಿ.”

ಹಳ್ಳದ ದಂಡೆಯ ಈಚಲು ಮರದ ಸೇಂದಿ ನಮ್ಮ ಹಿರಿಯರ ಪಾನೀಯ. ನಿಜಾಮರ ಕಾಲದಲ್ಲಿ ಆಬಕಾರಿಗೆ ಅದರಿಂದ ದೊಡ್ಡ ಆದಾಯ. ಮರದಿಂದ ಇಳಿಸಿದ ಕೂಡಲೇ ಅದು ಸಿಹಿ ನೀರು. ಬಿಸಿಲೇರಿದಂತೆ ಹುಳಿ ಬರುತ್ತದೆ, ಇಡೀ ದಿನ ಹುದುಗಿದರೂ ಮದ್ಯಾಂಶ ಶೇ. 4–6ರ ಆಸುಪಾಸು ನಿಲ್ಲುತ್ತದೆ. ದಕ್ಷಿಣ ಆಫ್ರಿಕಾದವರ ಉಮ್‌ಕೊಂಬೋತಿ ಎಂಬ ಜೋಳ, ಮೆಕ್ಕೆಜೋಳದ ಬಿಯರಿನಲ್ಲಿ ಅದು ಶೇ. 3ರ ಹತ್ತಿರ. ಬಿಸಿಲ ನಾಡುಗಳಲ್ಲಿ ಜನ ತಾವಾಗಿ ಕಂಡುಕೊಂಡ ಪಾನೀಯಗಳು ಹೀಗೆ ಹಗುರವೇ. ಶೇ. 42ರ ಭಟ್ಟಿ ಮದ್ಯವಾಗಲಿ ಶೇ. 8ರ ಬಿಯರ್ ಆಗಲಿ ಈ ಹವೆಯಿಂದ ಹುಟ್ಟಿದ್ದಲ್ಲ. ಕಡಿಮೆ ದುಡ್ಡಿಗೆ ಹೆಚ್ಚು ಅಮಲು ಎಂಬ ವ್ಯಾಪಾರದಿಂದ ಹುಟ್ಟಿದ್ದು. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆಸಿದಾಗ ಕುಡಿಯುವ ನೀರಿಗೆಂದೇ ಒಂದು ಭಾಗ ಇಟ್ಟು, ಯಾವ ಋತುವಿಗೆ ಎಂಥ ನೀರು ಎಂದು ವಿಚಾರಿಸಿದ. ಹವೆ ನೋಡಿ ಕುಡಿಯುವ ಈ ವಿವೇಕ ಇಲ್ಲಿಯದೇ.

“ಸೇಂದಿನೂ ಈಗ ಸೇಂದಿ ಉಳದೈತೇನು?” ಅಂದರು ಅಕ್ಕ. “ಪೌಡರ್ ಕಲಸ್ತಾರ.”

ಅದೂ ಸತ್ಯ. ಸಿಎಚ್ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್. ನಿದ್ರೆ ಬರಿಸುವ ರಾಸಾಯನಿಕ. ಅದನ್ನು ನೀರಿಗೆ ಬೆರೆಸಿ ಸೇಂದಿ ಎಂದು ಮಾರುವವರನ್ನು ಹಿಡಿದ ಸುದ್ದಿ ನಮ್ಮ ಜಿಲ್ಲೆಯಿಂದ ಮತ್ತೆ ಮತ್ತೆ ಬರುತ್ತದೆ. ಚಟ ಹತ್ತಿದವನಿಗೆ ಒಂದು ದಿನ ಸಿಗದಿದ್ದರೆ ಕೈಕಾಲು ನಡುಗಿ, ಭ್ರಮೆ ಹಿಡಿದು ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಮರದ ಸೇಂದಿ ಹೋಗಿ ಪೌಡರಿನ ಸೇಂದಿ ಉಳಿದದ್ದು ನಮ್ಮ ಸೀಮೆಗಾದ ದೊಡ್ಡ ಕೇಡು.

ಕೀನ್ಯಾ ದೇಶದಲ್ಲೂ ಇಂಥದೇ ಕೇಡಿತ್ತು. ಕಳ್ಳಭಟ್ಟಿ ಕುಡಿದು ಜನ ಸಾಯುತ್ತಿದ್ದರು. 2004ರಲ್ಲಿ ಅಲ್ಲಿನ ದೊಡ್ಡ ಬಿಯರ್ ಕಂಪನಿ ಬಡವರಿಗೆಂದೇ ಸೆನೇಟರ್ ಎಂಬ ಪೀಪಾಯಿ ಬಿಯರ್ ತಂದಿತು. ಸರ್ಕಾರ ತೆರಿಗೆ ಬಿಟ್ಟುಕೊಟ್ಟಿತು. ಜನ ಕಳ್ಳಭಟ್ಟಿಯಿಂದ ಅದಕ್ಕೆ ಬಂದರು. 2013ರಲ್ಲಿ ತೆರಿಗೆ ಏರಿಸಿದಾಗ ಮಾರಾಟ ಕುಸಿಯಿತು, ಜನ ಹಳೆಯ ದಾರಿಗೇ ಹೋದರು. ಕುಡಿಯುವವನನ್ನು ಹಗುರದ ಕಡೆಗೆ ಸರಿಸಬೇಕಾದರೆ ಹಗುರದ್ದರ ಬೆಲೆ ಎದ್ದು ಕಾಣುವಷ್ಟು ಕಡಿಮೆ ಇರಬೇಕು. ಶೇ. 4ರ ಬಾಟಲಿಗೂ ಶೇ. 8ರ ಬಾಟಲಿಗೂ ಹತ್ತಿಪ್ಪತ್ತು ರೂಪಾಯಿ ಫರಕು ಇದ್ದರೆ ಕೂಲಿಯವನು ಯಾವುದನ್ನು ಆರಿಸುತ್ತಾನೆ ಎಂದು ಕೇಳಬೇಕಿಲ್ಲ. ಬಾಟಲಿಯಲ್ಲಿರುವ ಮದ್ಯದ ಒಂದೊಂದು ಎಂಎಲ್‌ಗೂ ತೆರಿಗೆ ಬೀಳಲಿ, ನೀರಿಗೆ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ಅಕ್ಕ ಒಪ್ಪಲಿಲ್ಲ. ತಾಡಪತ್ರಿಯನ್ನು ಬದಿಗಿಟ್ಟು ಬೇಲಿ ಹತ್ತಿರ ಬಂದು ನಿಂತರು ಮಾತ್ರ.

ಈಗ ಕಾಕಾಗೆ ಬೇಕಾಗಿದ್ದ ವಿಷಯಕ್ಕೆ ಬಂದೆವು. ಬಿಯರ್ ಏತರಿಂದ ಮಾಡುತ್ತಾರೆ ಎಂಬುದು ರೈತನ ಮೊದಲ ಪ್ರಶ್ನೆ. ಬಾರ್ಲಿ ನಮ್ಮಲ್ಲಿ ಬೆಳೆಯುವುದಿಲ್ಲ. ರಾಜಸ್ಥಾನ, ಹರಿಯಾಣದಿಂದ ಬರಬೇಕು. ಆದರೆ ನಮ್ಮಲ್ಲಿ ಇರುವುದಕ್ಕೂ ಬಿಯರಿಗೂ ನಂಟು ಇಲ್ಲದಿಲ್ಲ. 2010ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಶುರುವಾದ ಟಾಯ್ಟ್ ಎಂಬಲ್ಲಿ, ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಕೊಡುತ್ತಾರೆ. ಅವರ ಪಟ್ಟಿಯಲ್ಲಿ ‘ಬಾಸ್ಮತಿ ಬ್ಲಾಂಡ್’ ಎಂಬುದಿದೆ. ಮಾಲ್ಟ್ ಜೊತೆ ಬಾಸ್ಮತಿ ಅಕ್ಕಿ ಹಾಕಿ ಮಾಡಿದ ತಿಳಿ ಬಿಯರ್ ಅದು. ಗೋಲ್ಡನ್ ಏಲಿಗೆ ಕರ್ನಾಟಕದಲ್ಲಿ ನನಗೆ ಗೊತ್ತಿರುವ ಅತಿ ಹತ್ತಿರದ ನೆಂಟ.

“ಅಕ್ಕಿ ಹಾಕ್ತಾರ? ನಮ್ಮ ಸಿಂಧನೂರ ತುಂಬ ಅಕ್ಕಿನ ಐತಲ್ರಿ!”

ಹೌದು. 1950ರ ದಶಕದಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ, ವಲಸೆ ಬಂದವರ ಕ್ಯಾಂಪುಗಳು ಎದ್ದ ಮೇಲೆ, ಸಿಂಧನೂರು ಭತ್ತದ ಊರಾಯಿತು. ಸೋನಾ ಮಸೂರಿ ಅಂದರೆ ಈ ಕಡೆಯದು. ಮಿಲ್ಲುಗಳಲ್ಲಿ ಅಕ್ಕಿಯ ಜೊತೆ ನುಚ್ಚೂ ಬೀಳುತ್ತದೆ. ಬಿಯರಿಗೆ ಇಡೀ ಅಕ್ಕಿಯೇ ಬೇಕೆಂದಿಲ್ಲ, ನುಚ್ಚು ಸಾಕು. ದೇಶದ ಹಲವು ಲಾಗರುಗಳಲ್ಲಿ ಅಕ್ಕಿ ಬಳಸುವುದು ಮಾಮೂಲು. ಅಕ್ಕಿಯಲ್ಲಿ ಪ್ರೋಟೀನು ಕಡಿಮೆ, ತನ್ನದೇ ಗಾಢ ರುಚಿ ಇಲ್ಲ. ಆದ್ದರಿಂದ ಬಿಯರ್ ಹಗುರಾಗುತ್ತದೆ, ಬಣ್ಣ ತಿಳಿಯಾಗುತ್ತದೆ, ಗಂಟಲಲ್ಲಿ ಸರಳ ಇಳಿಯುತ್ತದೆ. ಕಂಪನಿಗಳು ಖರ್ಚು ಉಳಿಸಲು ಅಕ್ಕಿ ಹಾಕುತ್ತಾರೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಬಿಸಿಲ ನಾಡಿನ ಬಿಯರಿಗೆ ಅಕ್ಕಿ ಗುಣವೇ ಹೊರತು ದೋಷ ಅಲ್ಲ ಎಂಬುದು ನನ್ನ ಮಾತು. ಅಕ್ಕಿಯನ್ನು ಮೊದಲು ಬೇರೆ ಬೇಯಿಸಿಕೊಳ್ಳಬೇಕು, ಅಷ್ಟೆ. ಬಾರ್ಲಿಯ ಪಿಷ್ಟ 60 ಡಿಗ್ರಿಯ ಆಸುಪಾಸಿನಲ್ಲಿ ಅರಳುತ್ತದೆ. ಅಕ್ಕಿಯದು ಅರಳಲು 70ರ ಮೇಲೆ ಹೋಗಬೇಕಾಗಬಹುದು. ಅನ್ನ ಮಾಡಿದಂತೆ ಬೇಯಿಸಿ ಮಾಲ್ಟಿನ ಗಂಜಿಗೆ ಸೇರಿಸಿದರೆ ಮಾಲ್ಟಿನ ಕಿಣ್ವಗಳೇ ಅದನ್ನು ಸಕ್ಕರೆಯಾಗಿ ಒಡೆಯುತ್ತವೆ.

“ಮತ್ತ ಜ್ವಾಳ?” ಕಾಕಾ ಈ ಪ್ರಶ್ನೆಗಾಗಿಯೇ ಇಷ್ಟು ಹೊತ್ತು ನಿಂತಿದ್ದರು. ಅವರ ಹೊಲ ಮಸ್ಕಿ ಕಡೆ, ಎರೆಭೂಮಿ, ಕಾಲುವೆ ನೀರು ಹತ್ತದ ಜಾಗ. ಹಿಂಗಾರಿಯ ಬಿಳಿಜೋಳ ಬಿಟ್ಟರೆ ಕಡಲೆ. ಜೋಳದ ಬೆಲೆ ಬಿದ್ದ ವರ್ಷ ಅವರ ಮುಖ ನೋಡಲಾಗುವುದಿಲ್ಲ.

ಜೋಳದ ಮಾತು ಬಂದರೆ ನೈಜೀರಿಯಾ ನೋಡಬೇಕು. 1988ರಲ್ಲಿ ಅಲ್ಲಿನ ಸರ್ಕಾರ ಬಾರ್ಲಿ ಮಾಲ್ಟ್ ಆಮದನ್ನೇ ನಿಲ್ಲಿಸಿತು. ಬಾರ್ಲಿ ಅಲ್ಲೂ ಬೆಳೆಯುವುದಿಲ್ಲ, ಬೆಳೆಯುವುದು ಜೋಳ. ಕಾರ್ಖಾನೆಗಳು ಮುಚ್ಚಿಯೇ ಹೋಗುತ್ತವೆ ಎಂದರು. ಮುಚ್ಚಲಿಲ್ಲ. ಜೋಳದಲ್ಲಿ, ಮೆಕ್ಕೆಜೋಳದಲ್ಲಿ ತಿಳಿ ಬಿಯರ್ ತೆಗೆಯುವುದನ್ನು ಕಲಿತರು. ನಿಷೇಧ ಹೋದ ಮೇಲೂ ಜೋಳ ಉಳಿಯಿತು, ರೈತರಿಗೆ ಕಾರ್ಖಾನೆಯೇ ಗಿರಾಕಿಯಾಯಿತು. ಹಾಗೆಂದು ಅದು ಸಲೀಸು ಕೆಲಸವಲ್ಲ. ಜೋಳದ ಪಿಷ್ಟವೂ ಅಕ್ಕಿಯದರಂತೆ ಹೆಚ್ಚು ಶಾಖ ಕೇಳುತ್ತದೆ. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳಲ್ಲಿ ಒಂದು ಮೊಳಕೆ ಜೋಳದಲ್ಲಿ ಬಾರ್ಲಿಯಷ್ಟು ಇರುವುದಿಲ್ಲ, ಅದನ್ನು ಹೊರಗಿನಿಂದ ಹಾಕಬೇಕು. ಬಾರ್ಲಿಗಿರುವ ಹೊಟ್ಟು ಜೋಳಕ್ಕಿಲ್ಲ. ಬಾರ್ಲಿಯ ಹೊಟ್ಟೇ ಸೋಸುವ ಜಾಲರಿಯಾಗಿ ಕೆಲಸ ಮಾಡುತ್ತದೆ, ಜೋಳದ ಗಂಜಿ ಅಂಟಿಕೊಂಡು ಇಳಿಯುವುದೇ ಇಲ್ಲ. ಇದಕ್ಕೆಲ್ಲ ದಾರಿ ಕಂಡುಕೊಂಡಿದ್ದಾರೆ. ಬಿಳಿಜೋಳದಲ್ಲಿ ಕೆಂಪು ಜೋಳದ ಒಗರು ಇಲ್ಲ, ಬಣ್ಣವೂ ತಿಳಿ. ಒಂದು ಪಾಲು ಬಾರ್ಲಿ ಮಾಲ್ಟ್, ಒಂದು ಪಾಲು ಸಿಂಧನೂರ ನುಚ್ಚಕ್ಕಿ, ಒಂದು ಪಾಲು ಮಸ್ಕಿಯ ಬಿಳಿಜೋಳ ಹಾಕಿ ಶೇ. 4ರ ಗೋಲ್ಡನ್ ಏಲ್ ಮಾಡಿದರೆ ಹೇಗಿದ್ದೀತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಬೆಂಗಳೂರಿನಲ್ಲಿ ಹೊಸ ರುಚಿ ಹುಡುಕುವ ಬ್ರೂವರ್‌ಗಳು ಬಹಳ ಮಂದಿ ಇದ್ದಾರೆ. ಅವರಲ್ಲಿ ಒಬ್ಬರಾದರೂ ಈ ಕಡೆ ಬಂದು ಕಾಕಾನಂಥವರಿಂದ ನಾಲ್ಕು ಚೀಲ ಜೋಳ ಕೊಳ್ಳಲಿ ಎಂಬುದು ನನ್ನ ಆಸೆ.

“ಇಲ್ಲೇ ಒಂದು ಹಾಕಬಾರದೇನು ಫ್ಯಾಕ್ಟರಿ?”

ಅಲ್ಲಿ ನಾನು ತಡೆದೆ. ನೀರು. ಒಂದು ಲೀಟರ್ ಬಿಯರಿಗೆ ತೊಳೆಯುವುದು, ತಂಪು ಮಾಡುವುದು ಎಲ್ಲ ಸೇರಿ 4ರಿಂದ 6 ಲೀಟರ್ ನೀರು ಬೇಕು. ಲಿಂಗಸುಗೂರು, ಮಸ್ಕಿಯಲ್ಲಿ ಬೇಸಿಗೆಗೆ ಕೊಡಗಳು ಸಾಲು ಹಚ್ಚುವುದನ್ನು ನೋಡಿಕೊಂಡು ಆ ಮಾತು ಆಡಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಬೋರಿನ ನೀರು ಸವಳು, ಎಷ್ಟೋ ಕಡೆ ಫ್ಲೋರೈಡು. ಅದನ್ನು ಶುದ್ಧ ಮಾಡಿದರೆ ಇನ್ನಷ್ಟು ನೀರು ಪೋಲು. ಧಾನ್ಯ ಇಲ್ಲಿಂದ ಹೋಗಲಿ, ಬಿಯರ್ ನೀರಿರುವ ಕಡೆ ಆಗಲಿ.

ಇನ್ನೊಂದು ಮಾತು ಬಿಸಿಲಿನದೇ. ಗೋಲ್ಡನ್ ಏಲ್ ನಾಜೂಕು ವಸ್ತು. ಬಿಸಿಲು ಬಿದ್ದರೆ ಹಾಪ್ಸಿನ ಕಹಿ ಒಡೆದು ದುರ್ವಾಸನೆಯ ಗಂಧಕದ ಸಂಯುಕ್ತ ಹುಟ್ಟುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿಯೂ ಬಿಳಿ ಬಾಟಲಿಯೂ ತಡೆಯವು. ಬೆಳಕು ಬೀಳದಿದ್ದರೂ ಶಾಖಕ್ಕೆ ಬಿಯರ್ ಬೇಗ ಮುದಿಯಾಗಿ ಒದ್ದೆ ರಟ್ಟಿನ ರುಚಿ ಬರುತ್ತದೆ. ಟಿನ್ ಶೆಡ್ಡಿನ ಗೋದಾಮಿನಲ್ಲಿ ಮೇ ತಿಂಗಳು ಕಳೆದ ಬಿಯರನ್ನು ಐಸ್ ಆಗುವಷ್ಟು ತಣ್ಣಗೆ ಮಾಡಿ ಕೊಡುವುದು ಆ ರುಚಿ ಮುಚ್ಚಲಿಕ್ಕೆ. ಒಳ್ಳೆಯ ಗೋಲ್ಡನ್ ಏಲಿಗೆ 7ರಿಂದ 10 ಡಿಗ್ರಿ ತಂಪು ಸಾಕು. ಅದಕ್ಕಿಂತ ತಣ್ಣಗಾದರೆ ನಾಲಿಗೆ ಮರಗಟ್ಟಿ ಘಮವೇ ತಿಳಿಯದು.

ತಿನ್ನಲು ಏನು ಎಂದರೆ ಒಗ್ಗರಣಿ–ಮಿರ್ಚಿ. ನಮ್ಮ ಕಡೆಯ ಸಂಜೆಯ ತಿಂಡಿಗೆ ಇದಕ್ಕಿಂತ ಹೊಂದುವ ಬಿಯರ್ ಇಲ್ಲ ಎನ್ನಬಲ್ಲೆ. ಖಾರ ತಗುಲುವ ನರಗಳನ್ನೇ ಮದ್ಯವೂ ಕೆಣಕುತ್ತದೆ, ಆದ್ದರಿಂದ ಸ್ಟ್ರಾಂಗ್ ಜೊತೆ ಮಿರ್ಚಿ ತಿಂದರೆ ಬಾಯಿ ಉರಿ ಹೆಚ್ಚುತ್ತದೆ. ಹಗುರ ಬಿಯರ್ ಎಣ್ಣೆಯ ಜಿಡ್ಡನ್ನು ತೊಳೆದು ಖಾರವನ್ನು ಅದರ ಪಾಡಿಗೆ ಬಿಡುತ್ತದೆ.

“ಅದೆಲ್ಲ ಇರ್ಲಿ, ಜ್ವಾಳ ಮೊಳಕಿ ಬರಿಸೋದು ಮನ್ಯಾಗ ಆಗತೈತೋ ಇಲ್ಲೋ?” ಕಾಕಾ ಬಿಡಲಿಲ್ಲ.

“ಮೊಳಕಿ ಬರಸ್ರಿ, ಬೀರು ಮಾಡಾಕ ಹೋಗಬ್ಯಾಡ್ರಿ. ಲೈಸೆನ್ಸ್ ಇಲ್ಲದ ಮಾಡಿದ್ರ 1965ರ ಆಬಕಾರಿ ಕಾಯ್ದೆ ಪ್ರಕಾರ ಅಪರಾಧ. ಮೊಳಕಿ ಜ್ವಾಳದ ಹಿಟ್ಟಿನ ಅಂಬಲಿ ಮಾಡಿಸ್ರಿ. ಮಾಲ್ಟು ಅಂದ್ರ ಅದ. ಮೊಳಕಿ ಬಂದ ಕಾಳಿನ್ಯಾಗ ಪಿಷ್ಟ ಅರ್ಧ ಒಡದಿರತೈತಿ, ಅಂಬಲಿ ತೆಳ್ಳಗ ಆಗತೈತಿ, ಜೀರ್ಣಕ್ಕ ಸಲೀಸು. ಆದ್ರ ಒಂದು ಮಾತು. ಜ್ವಾಳದ ಮೊಳಕಿಯೊಳಗ ವಿಷ ಇರತೈತಿ, ಎಳಿ ಜ್ವಾಳ ತಿಂದ ದನ ಸಾಯತಾವಲ್ಲ, ಅದ ಸೈನೈಡು. ಕಾಳು ಚೆನ್ನಾಗಿ ಒಣಗಿಸಿ, ಮೊಳಕಿ ಬೇರು ಎಲ್ಲಾ ತಿಕ್ಕಿ ತೂರಿ ಬಿಟ್ಟು, ಬರೀ ಕಾಳು ಹುರದು ಬೀಸಬೇಕು.”

“ಎಷ್ಟು ತಾಸು ನೆನಿ ಹಾಕಬೇಕು?” ಈ ಸಲ ಕೇಳಿದ್ದು ಅಕ್ಕ.

“ಒಂದು ರಾತ್ರಿ ನೆನೀಲಿ ಅಕ್ಕಾ, ನಡುವ ನೀರು ಬದಲಿ ಮಾಡ್ರಿ. ಆಮ್ಯಾಲ ಒದ್ದಿ ಅರಬಿಯೊಳಗ ಎರಡು ಮೂರು ದಿನ. ಈ ಧಗಿಗೆ ದಿನಕ್ಕ ಎರಡು ಮೂರು ಸಲ ನೀರು ಚಿಮುಕಿಸಬೇಕು, ಇಲ್ಲಂದ್ರ ಮೊಳಕಿ ಒಣಗತೈತಿ.”

“ಕಾಕಾ, ಹಂಗಾದ್ರ ನನಗೊಂದು ನಾಕು ಸೇರು ಬಿಳಿಜ್ವಾಳ ಕಳಸ್ರಿ” ಅಂದರು ಅಕ್ಕ. “ಮೊಮ್ಮಗಳಿಗೆ ಊಟ ಸೇರವಲ್ದು, ಅಂಬಲಿ ಮಾಡಿ ನೋಡ್ತೀನಿ. ಮಾಸ್ತರ ಬೀರಿನ ಸುದ್ದಿ ಆಮ್ಯಾಲ ಜಗಳಾಡೋಣು.”

“ಹೊಸಾ ಜ್ವಾಳನೋ ಹಳೇದೋ?” ಎಂದು ಕಾಕಾ ನನ್ನ ಕಡೆ ತಿರುಗಿದರು.

“ಹೊಸದು ಕೊಡ್ರಿ, ಹಳೇದು ಎಲ್ಲಾ ಮೊಳೆಯಂಗಿಲ್ಲ. ಹುಳ ಹತ್ತಬಾರದಂತ ಗುಳಿಗಿ ಹಾಕಿ ಇಟ್ಟದ್ದಂತೂ ಬ್ಯಾಡ.”